ತಾತ ಕಡಿದ ರಸ್ತೆ: ಇಂಫಾಲದಿಂದ ಕೊಹಿಮಾಕ್ಕೆ

ನಮ್ಮ ತಾತ ಹೇಳುತ್ತಿದ್ದ ಯುದ್ಧದ ಕಥೆಗಳಲ್ಲಿ ಗುಂಡು ಹಾರುತ್ತಿರಲಿಲ್ಲ. ಮಳೆ ಸುರಿಯುತ್ತಿತ್ತು, ಜಿಗಣೆ ಕಚ್ಚುತ್ತಿತ್ತು, ಲಾರಿ ಕೆಸರಲ್ಲಿ ಹೂತುಕೊಳ್ಳುತ್ತಿತ್ತು, ಹೇಸರಗತ್ತೆ ಹಟ ಹಿಡಿದು ನಡುರಸ್ತೆಯಲ್ಲಿ ನಿಲ್ಲುತ್ತಿತ್ತು. ಮಾಲೂರು ತಾಲ್ಲೂಕಿನ ಹಳ್ಳಿಯಿಂದ ಬೆಂಗಳೂರಿಗೆ ಬಂದು, ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್ ಕೇಂದ್ರದಲ್ಲಿ ಭರ್ತಿಯಾದವನು ಅವನು. ಸ್ಯಾಪರ್ ಅಂದರೆ ಸೈನ್ಯ ಮುಂದೆ ಹೋಗುವಾಗ ರಸ್ತೆ ಕಡಿದು ಸೇತುವೆ ಕಟ್ಟುವವನು, ಸೈನ್ಯ ಹಿಂದೆ ಸರಿಯುವಾಗ ತಾನೇ ಕಟ್ಟಿದ್ದನ್ನು ಸಿಡಿಸಿ ಎಲ್ಲರಿಗಿಂತ ಕೊನೆಗೆ ಬರುವವನು. ಎರಡನೇ ಮಹಾಯುದ್ಧದಲ್ಲಿ ತಾತನ ಪಾಲಿಗೆ ಬಂದದ್ದು ಮಣಿಪುರ, ಬರ್ಮಾ ಗಡಿ. ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದರೆ ಸಾಕು, "ಇಂಫಾಲದಲ್ಲಿ ಇದ್ದಿದ್ರೆ ತಿಳೀತಿತ್ತು ನಿಮ್ಗೆ" ಎಂದು ಶುರುಮಾಡುತ್ತಿದ್ದ.

1991ರಲ್ಲಿ ತಾತ ತೀರಿಕೊಂಡ. ಕಥೆಗಳು ಅಮ್ಮನ ಹತ್ತಿರ ಉಳಿದವು. ಟಿಡ್ಡಿಂ ಎಂಬ ಊರಿನ ಹತ್ತಿರ ಒಂದು ಘಾಟಿ ರಸ್ತೆಗೆ ಸಿಪಾಯಿಗಳು ಚಾಕೊಲೇಟ್ ಮೆಟ್ಟಿಲು ಎಂದು ಹೆಸರಿಟ್ಟಿದ್ದರಂತೆ. ಕಂದು ಕೆಸರಿನ ಆ ತಿರುವುಗಳನ್ನು ಅಮ್ಮ ಚಿಕ್ಕವಳಿದ್ದಾಗ ನಿಜವಾದ ಮಿಠಾಯಿಯ ಮೆಟ್ಟಿಲೆಂದೇ ನಂಬಿದ್ದಳು. ಇವುಗಳ ಜೊತೆಗೆ ಅವಳು ಇಟ್ಟುಕೊಂಡಿದ್ದ ಇನ್ನೊಂದು ವಿಷಯ, ಒಂದು ಹೆಸರು. ತಾತನಿಗೆ ಜ್ವರ ಬಂದಾಗಲೆಲ್ಲ ನಿದ್ದೆಗಣ್ಣಿನಲ್ಲಿ ಆ ಹೆಸರು ಹಿಡಿದು ಕೂಗುತ್ತಿದ್ದ. ಎಚ್ಚರವಾದ ಮೇಲೆ ಕೇಳಿದರೆ "ಜೊತೆಯವನು" ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದ. ಆ ಮನುಷ್ಯನ ಮನೆಯವರು ಇನ್ನೂ ಎಲ್ಲಾದರೂ ಇದ್ದಾರು ಎಂಬ ಕಾರಣಕ್ಕೆ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

"ಮಂಡಿ ಇನ್ನೂ ಮಾತು ಕೇಳುವಾಗಲೇ ಅಪ್ಪನ ರಸ್ತೆ ನೋಡಿಬಿಡಬೇಕು" ಎಂದು ಎಪ್ಪತ್ತು ದಾಟಿದ ಅಮ್ಮ ಹೇಳಿದ್ದರಿಂದ 2022ರ ನವೆಂಬರಿನಲ್ಲಿ ನಾವಿಬ್ಬರೂ ಹೊರಟೆವು.

ಮೊದಲ ದಿನ: ಇಂಫಾಲ

ಮಣಿಪುರಕ್ಕೂ ನಾಗಾಲ್ಯಾಂಡಿಗೂ ಹೊರಗಿನವರಿಗೆ ಇನ್ನರ್ ಲೈನ್ ಪರ್ಮಿಟ್ ಬೇಕು. ಎರಡನ್ನೂ ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಮಾಡಿಸಿಕೊಂಡು, ಮುದ್ರಿಸಿದ ನಕಲುಗಳನ್ನು ಕೈಚೀಲದಲ್ಲಿಟ್ಟುಕೊಂಡಿದ್ದರಿಂದ ಎಲ್ಲೂ ತಡವಾಗಲಿಲ್ಲ.

ವಿಮಾನ ಇಳಿಯುವಾಗ ಕಿಟಕಿಯಿಂದ ಕಂಡ ನೆಲವೇ ಅರ್ಧ ಕಥೆ ಹೇಳಿತು. ಸುತ್ತ ನೀಲಿ ಬೆಟ್ಟ, ನಡುವೆ ಚಪ್ಪಟೆ ಕಣಿವೆ, ಕೊಯ್ಲಾದ ಗದ್ದೆ, ದೂರದಲ್ಲಿ ಲೋಕ್‌ತಾಕ್ ಸರೋವರದ ಹೊಳಪು. 1944ರ ಮಾರ್ಚಿನಲ್ಲಿ ಜನರಲ್ ಮುತಾಗುಚಿಯ ಜಪಾನಿ ಪಡೆಗಳು ಚಿಂದ್ವಿನ್ ನದಿ ದಾಟಿ ಈ ಬೆಟ್ಟಗಳ ಮೇಲಿಂದ ಕಣಿವೆಯನ್ನು ಸುತ್ತುವರಿದವು. ತಿಂಗಳ ಕೊನೆಗೆ ದಿಮಾಪುರದಿಂದ ಬರುವ ಏಕೈಕ ರಸ್ತೆ ಕಡಿದುಹೋಯಿತು. ಒಳಗೆ ಸಿಕ್ಕಿಕೊಂಡ ಲಕ್ಷಕ್ಕೂ ಹೆಚ್ಚು ಜನ ಜೂನ್ 22ರವರೆಗೆ ಬದುಕಿದ್ದು ಆಕಾಶದಿಂದ ಬಂದ ಅಕ್ಕಿ, ಬೇಳೆ, ಮದ್ದುಗುಂಡಿನ ಮೇಲೆ. ನಾವು ಇಳಿದ ತುಲಿಹಾಲ್ ನಿಲ್ದಾಣವೂ ಆಗ ಆ ಸಾಮಾನು ಇಳಿಸಿಕೊಂಡ ಓಡುಪಥಗಳಲ್ಲಿ ಒಂದು. "ಅಪ್ಪ ತಟ್ಟೆ ನೋಡಿ ಬೈತಿದ್ದಿದ್ದು ಇದಕ್ಕೇ" ಎಂದಳು ಅಮ್ಮ, ಇನ್ನೂ ಬೆಲ್ಟ್ ಬಿಚ್ಚುವ ಮುಂಚೆಯೇ.

ಆ ಕಡೆ ಹೋಗುವವರು ನೆನಪಿಡಬೇಕು, ನವೆಂಬರಿನಲ್ಲಿ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ. ನಮ್ಮ ಗಡಿಯಾರದ ಲೆಕ್ಕದಲ್ಲಿ ಸಂಜೆಗೆ ಬಾಕಿ ಇಟ್ಟ ಕೆಲಸವೆಲ್ಲ ಅಲ್ಲಿ ರಾತ್ರಿಯ ಕೆಲಸವಾಗುತ್ತದೆ. ಹಾಗಾಗಿ ಚೀಲ ಇಟ್ಟವರೇ ಇಮಾ ಕೈಥೆಲ್‌ಗೆ ಓಡಿದೆವು. ಹೆಂಗಸರೇ ವ್ಯಾಪಾರ ಮಾಡುವ, ಗಂಡಸರಿಗೆ ಅಂಗಡಿಯೇ ಇಲ್ಲದ ಮಾರುಕಟ್ಟೆ ಅದು. ಸಾಲು ಸಾಲಾಗಿ ಕಟ್ಟೆಯ ಮೇಲೆ ಕೂತ ಅಮ್ಮಂದಿರು, ಹಣೆಯಿಂದ ಮೂಗಿನವರೆಗೆ ಗಂಧದ ನಾಮ, ಮುಂದೆ ಕಮಲದ ದಂಟು, ಒಣಮೀನು, ಬಿದಿರ ಕಳಲೆ, ಕಪ್ಪು ಅಕ್ಕಿ. ಒಣಮೀನಿನ ಘಾಟಿಗೆ ಮೂಗು ಮುಚ್ಚಿಕೊಂಡು ಮುಂದೆ ಹೋಗುತ್ತಿದ್ದ ಅಮ್ಮ ಇದ್ದಕ್ಕಿದ್ದಂತೆ ನಿಂತಳು.

ಒಬ್ಬ ಮುದುಕಿಯ ಮುಂದೆ ದುಂಡನೆಯ, ಬೂದು ಬಿಳುಪಿನ ಬಿಲ್ಲೆಗಳನ್ನು ಪೇರಿಸಿಟ್ಟಿತ್ತು. ಹಿಂದಿಯಲ್ಲಿ ಕೇಳಿದೆ. ಉಪ್ಪು ಅಂದಳು. ನಿಂಗೆಲ್ ಎಂಬ ಹಳ್ಳಿಯಲ್ಲಿ ಉಪ್ಪುನೀರಿನ ಬಾವಿಯಿದೆ, ಆ ನೀರನ್ನು ಕುದಿಸಿ ಹೆಂಗಸರು ಮಾಡುತ್ತಾರೆ ಅಂದಳು.

ತಾತನ ಕಥೆಯೊಂದು ಹೀಗಿತ್ತು: ರಸ್ತೆ ಕೆಲಸದ ಜಾಗಕ್ಕೆ ಬಂದ ಹೆಂಗಸೊಬ್ಬಳು ಅವನ ತಗಡಿನ ಡಬ್ಬ ಕೇಳಿ ಪಡೆದು, ಬದಲಿಗೆ ರೊಟ್ಟಿಯಂತೆ ದುಂಡಗಿದ್ದ ಉಪ್ಪನ್ನು ಕೊಟ್ಟಳು. ಅದನ್ನು ಮುರಿದು ಮುರಿದು ಹಸಿಮೆಣಸಿನಕಾಯಿ ಜೊತೆ ತಿಂಗಳು ತಿಂದರಂತೆ. ಉಪ್ಪು ಎಲ್ಲಾದರೂ ರೊಟ್ಟಿಯ ಹಾಗಿರುತ್ತದೆಯೇ ಎಂದು ಅಜ್ಜಿ ಪ್ರತಿ ಸಲವೂ ನಗುತ್ತಿದ್ದಳು. ನಾವೆಲ್ಲ ಅಜ್ಜಿಯ ಕಡೆಗಿದ್ದೆವು. ಅಮ್ಮ ಬಿಲ್ಲೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು, ಅಂಚು ಮುರಿದು ನಾಲಿಗೆಗಿಟ್ಟುಕೊಂಡಳು. ಆಮೇಲೆ ಆರು ಬಿಲ್ಲೆ ಕಟ್ಟಿಸಿದಳು, ಒಡಹುಟ್ಟಿದವರಿಗೆ ಒಂದೊಂದು.

ರಾತ್ರಿ ಊಟಕ್ಕೆ ಎರೋಂಬಾ ಬಂತು. ಬೇಯಿಸಿದ ತರಕಾರಿ, ಹುದುಗಿಸಿದ ಮೀನು, ಸುಟ್ಟ ಮೆಣಸಿನಕಾಯಿ ಹಾಕಿ ಅರೆದ ಗೊಜ್ಜು. ಮೊದಲ ತುತ್ತಿಗೆ ಕಣ್ಣಲ್ಲಿ ನೀರು ಬಂತು, ಮೂರನೆಯ ತುತ್ತಿಗೆ ಅನ್ನ ಕೇಳಿ ಹಾಕಿಸಿಕೊಂಡೆವು.

ಎರಡನೆಯ ದಿನ: ಹೆಸರುಗಳ ನಡುವೆ

ಇಂಫಾಲದಲ್ಲಿ ಯುದ್ಧದ ಸ್ಮಶಾನಗಳು ಎರಡಿವೆ, ಆಟೋದವರು ಸಾಮಾನ್ಯವಾಗಿ ದೊಡ್ಡದಕ್ಕೇ ಕರೆದೊಯ್ಯುತ್ತಾರೆ. 1,600 ಸಮಾಧಿಗಳ ಆ ಇಂಫಾಲ್ ಯುದ್ಧ ಸ್ಮಶಾನವನ್ನು ನೋಡಿದ ಮೇಲೆ, ಇಂಡಿಯನ್ ಆರ್ಮಿ ವಾರ್ ಸೆಮೆಟರಿ ಎಂದು ಬಿಡಿಸಿ ಹೇಳಿ ಇನ್ನೊಂದಕ್ಕೆ ಹೋಗಬೇಕು. ಅಲ್ಲಿ 828 ಸಮಾಧಿಗಳಿವೆ. ಇಂಫಾಲದ ಉತ್ತರದ ಗುಡ್ಡವೊಂದರಲ್ಲಿ 1944ರ ಏಪ್ರಿಲ್ 6ರಂದು ಸತ್ತು ವಿಕ್ಟೋರಿಯಾ ಕ್ರಾಸ್ ಪಡೆದ ಜಾಟ್ ರೆಜಿಮೆಂಟಿನ ಜಮಾದಾರ್ ಅಬ್ದುಲ್ ಹಫೀಜ್ ಮಲಗಿರುವುದು ಅಲ್ಲಿಯೇ. ದಹನವಾದ ಹಿಂದೂ, ಸಿಖ್ ಸೈನಿಕರಿಗೆ ಸಮಾಧಿಯಿಲ್ಲ. ಅಂಥ 868 ಜನರ ಹೆಸರುಗಳನ್ನು ಸ್ಮಾರಕವೊಂದರ ಮೇಲೆ ಕೆತ್ತಿದ್ದಾರೆ.

ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಮಾಲಿ ಹುಲ್ಲು ಕತ್ತರಿಸುತ್ತಿದ್ದ. ಅಮ್ಮ ಕನ್ನಡಕ ಒರೆಸಿಕೊಂಡು ಮೇಲಿನ ಸಾಲಿನಿಂದ ಹೆಸರುಗಳನ್ನು ಓದತೊಡಗಿದಳು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುವ ಅಭ್ಯಾಸ ಅವಳಿಗೆ ಕಡಿಮೆ. ನಾನು ಓದುತ್ತೇನೆ ಎಂದರೂ ಬಿಡಲಿಲ್ಲ. ರಾಮ್, ಸಿಂಗ್, ಥಾಪಾ, ಗುರುಂಗ್, ನಡುನಡುವೆ ನಮ್ಮ ಕಡೆಯ ಕಿವಿಗೆ ಹತ್ತಿರದ ಮುನಿಸ್ವಾಮಿ, ಗೋವಿಂದನ್. ಒಂದೊಂದನ್ನೂ ತುಟಿ ಅಲ್ಲಾಡಿಸಿ ಹೇಳಿಕೊಂಡು ಮುಂದೆ ಸರಿಯುತ್ತಿದ್ದಳು. ತಾತನ ಜೊತೆಯವನ ಹೆಸರು ಸಿಕ್ಕಿತು. ಸ್ವಲ್ಪ ಕೆಳಗೆ ಅದೇ ಹೆಸರು ಮತ್ತೊಮ್ಮೆ ಸಿಕ್ಕಿತು.

ಸ್ಮಶಾನಗಳ ದಾಖಲೆ ಪುಸ್ತಕದಲ್ಲಿ ಕಲ್ಲಿನ ಮೇಲಿಲ್ಲದ ವಿವರಗಳೂ ಇರುತ್ತವೆ. ಎಷ್ಟೋ ಹೆಸರುಗಳ ಮುಂದೆ ಇಂಥವನ ಮಗ, ಇಂಥ ಊರು, ಇಂಥ ಜಿಲ್ಲೆ ಎಂದು ಬರೆದಿರುತ್ತದೆ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲೂ ಅದನ್ನು ಹುಡುಕಬಹುದು. ಮನೆಯಲ್ಲಿ ಹಳೆಯ ಪಿಂಚಣಿ ಪುಸ್ತಕವೋ ಪದಕವೋ ಇದ್ದರೆ ಸೈನಿಕನ ಸಂಖ್ಯೆಯನ್ನು ಬರೆದುಕೊಂಡೇ ಹೊರಡುವುದು ಒಳ್ಳೆಯದು, ಒಂದೇ ಹೆಸರಿನವರು ಹಲವರಿದ್ದಾಗ ಸಂಖ್ಯೆಯೇ ದಾರಿ ತೋರಿಸುತ್ತದೆ. ನಮ್ಮ ಬಳಿ ಇದ್ದದ್ದು ತಾತನ ಸಂಖ್ಯೆ, ಜೊತೆಯವನದಲ್ಲ. ಇಬ್ಬರೂ ಸ್ಯಾಪರ್‌ಗಳೇ. ಒಬ್ಬನ ಊರು ತಿರುಚಿನಾಪಳ್ಳಿ ಜಿಲ್ಲೆ, ಇನ್ನೊಬ್ಬನದು ಸೇಲಂ ಜಿಲ್ಲೆ. ಅಮ್ಮ ಎರಡನ್ನೂ ತನ್ನ ಪುಟ್ಟ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡಳು, ಅಪ್ಪಂದಿರ ಹೆಸರಿನ ಸಮೇತ.

"ಯಾರಿಗೆ ಇಡ್ಲಿ ಹೂವ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಇಮಾ ಕೈಥೆಲ್‌ನಿಂದ ತಂದಿದ್ದ ಚೆಂಡುಹೂವನ್ನು ಬಿಡಿಸಿ, ಆ ಫಲಕದ ಉದ್ದಕ್ಕೂ ಹರಡಿದಳು.

ಮೂರನೆಯ ದಿನ: ಟಿಡ್ಡಿಂ ರಸ್ತೆ

ಇಂಫಾಲದಿಂದ ದಕ್ಷಿಣಕ್ಕೆ ಬಿಷ್ಣುಪುರ, ಮೊಯಿರಾಂಗ್, ಚುರಾಚಾಂದ್‌ಪುರ ದಾಟಿ ಬರ್ಮಾದೊಳಗೆ ಹೋಗುವುದು ಟಿಡ್ಡಿಂ ರಸ್ತೆ. 1944ರ ವಸಂತದಲ್ಲಿ 17ನೇ ಇಂಡಿಯನ್ ಡಿವಿಷನ್ ಇದೇ ದಾರಿಯಲ್ಲಿ ಕಾದಾಡುತ್ತ ಇಂಫಾಲಕ್ಕೆ ಹಿಂದೆ ಸರಿಯಿತು. ನಮ್ಮ ಡ್ರೈವರ್ ಕಣಿವೆಯ ಮೈತೇಯಿ ಸಮುದಾಯದ ಹುಡುಗ, ಮಾತು ಕಡಿಮೆ, ಆದರೆ ಎಲ್ಲಿ ನಿಲ್ಲಿಸಬೇಕೆಂದು ಚೆನ್ನಾಗಿ ಗೊತ್ತಿತ್ತು.

ಹದಿನಾರು ಕಿಲೋಮೀಟರಿನ ಆಸುಪಾಸಿನಲ್ಲಿ ಎಡಬಲದ ಗದ್ದೆಗಳ ನಡುವೆ ಒಂದು ಸಣ್ಣ ಗುಡ್ಡ. ಮೈಬಾಮ್ ಲೋತ್ಪಾ ಚಿಂಗ್. ಯುದ್ಧದ ಪುಸ್ತಕಗಳಲ್ಲಿ ಇದು ರೆಡ್ ಹಿಲ್. 1944ರ ಮೇ ಕೊನೆಯಲ್ಲಿ ಜಪಾನಿಯರು ಇಂಫಾಲಕ್ಕೆ ಇಷ್ಟು ಹತ್ತಿರ ಬಂದಿದ್ದರು. ಬುಡದಲ್ಲಿ ಜಪಾನ್ ಸರ್ಕಾರ ಕಟ್ಟಿಸಿದ ಶಾಂತಿ ಸ್ಮಾರಕ, ಅದರ ಸಮೀಪದಲ್ಲಿ 2019ರ ಜೂನ್ 22ರಂದು ತೆರೆದ ಇಂಫಾಲ್ ಪೀಸ್ ಮ್ಯೂಸಿಯಂ. ಒಳಗೆ ತುಕ್ಕು ತಿಂದ ಶಿರಸ್ತ್ರಾಣ, ನೀರಿನ ಕುಪ್ಪಿ, ಸಿಡಿಗುಂಡಿನ ಚಿಪ್ಪುಗಳು. ನನಗೆ ಹಿಡಿಸಿದ್ದು ಅದು ಸೇನೆಗಳ ಕಥೆಯನ್ನಷ್ಟೇ ಹೇಳದೆ ಊರಿನವರ ಕಥೆಯನ್ನೂ ಹೇಳುವ ರೀತಿ. ಮಣಿಪುರದವರು ಆ ಯುದ್ಧವನ್ನು ಜಪಾನ್ ಲಾನ್ ಅನ್ನುತ್ತಾರೆ. ಅವರ ಪಾಲಿಗೆ ಅದು 1944ರಲ್ಲಿ ಶುರುವಾದದ್ದಲ್ಲ, 1942ರ ಮೇ 10ರಂದು ಇಂಫಾಲದ ಮೇಲೆ ಬಾಂಬು ಬಿದ್ದ ದಿನವೇ ಶುರುವಾದದ್ದು.

ಮುಂದೆ ಪೋತ್ಸಂಗ್‌ಬಾಮ್. ಭೀಕರ ಕಾಳಗ ಕಂಡ ಹಳ್ಳಿ ಎಂದು ಈಗ ನೋಡಿದರೆ ನಂಬಲಾಗದು: ಬಿದಿರು ಮೆಳೆ, ಬಾತುಕೋಳಿ ಈಜುವ ಹೊಂಡ, ಅಂಗಳದಲ್ಲಿ ಒಣಹಾಕಿದ ಭತ್ತ. ಅಲ್ಲಿಂದ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾರಿನ ಹಿಂದಿನ ಚಕ್ರ ಪಂಕ್ಚರ್ ಆಯಿತು, ಸ್ಟೆಪ್ನಿಯಲ್ಲೂ ಗಾಳಿಯಿರಲಿಲ್ಲ. ಡ್ರೈವರ್ ಚಕ್ರ ಬಿಚ್ಚಿಕೊಂಡು ಯಾರದೋ ಸ್ಕೂಟರ್ ಹತ್ತಿ ಹೋದ. ನಾವು ರಸ್ತೆ ಬದಿಯ ಮನೆಯ ಜಗಲಿಯಲ್ಲಿ ಕೂತೆವು. ಈ ಪ್ರವಾಸದ ಅತಿ ಮುಖ್ಯವಾದ ಗಂಟೆಯನ್ನು ಕೊಟ್ಟದ್ದು ಆ ಪಂಕ್ಚರ್.

ಆ ಮನೆಯ ಅಜ್ಜಿಗೆ ಎಂಬತ್ತೆಂಟೋ ತೊಂಬತ್ತೋ. ಅವಳದು ಮಣಿಪುರಿ, ಸೊಸೆ ಅದನ್ನು ಹಿಂದಿಗೆ ತರುತ್ತಿದ್ದಳು, ನಾನು ಕನ್ನಡಕ್ಕೆ. ಮೂರು ಭಾಷೆ ದಾಟುವಷ್ಟರಲ್ಲಿ ಕಥೆ ಸವೆಯಬೇಕಿತ್ತು, ಸವೆಯಲಿಲ್ಲ. ಜಪಾನ್ ಲಾನ್‌ನಲ್ಲಿ ಅವಳು ಹತ್ತು ವರ್ಷದ ಹುಡುಗಿ. ಅಪ್ಪ ಭತ್ತವನ್ನು ಮಣ್ಣಿನ ಮಡಕೆಗಳಲ್ಲಿ ತುಂಬಿ ಹಿತ್ತಿಲಲ್ಲಿ ಹೂತು, ಮನೆಮಂದಿಯನ್ನೆಲ್ಲ ದೋಣಿಯಲ್ಲಿ ಕೂರಿಸಿಕೊಂಡು ಲೋಕ್‌ತಾಕ್‌ಗೆ ಹೋದ. ಸರೋವರದಲ್ಲಿ ಹುಲ್ಲು, ಬೇರು, ಮಣ್ಣು ಹೆಣೆದುಕೊಂಡು ತೇಲುವ ನಡುಗಡ್ಡೆಗಳಿವೆ, ಫುಮ್ದಿ ಎಂದು ಹೆಸರು. ಅವುಗಳ ಮೇಲೆ ಗುಡಿಸಲು ಹಾಕಿಕೊಂಡು ಮಳೆಗಾಲ ಕಳೆದರು. ಮೀನು ಹೇರಳವಾಗಿತ್ತು, ಉಪ್ಪಿರಲಿಲ್ಲ. ಉಪ್ಪಿಲ್ಲದ ಮೀನು ತಿಂದು ತಿಂದು ತಮ್ಮ ಅಳುತ್ತಿದ್ದ. ವಾಪಸು ಬಂದಾಗ ಮನೆಯಿರಲಿಲ್ಲ. ಹೂತಿಟ್ಟ ಮಡಕೆಗಳು ಮಾತ್ರ ಹಾಗೇ ಇದ್ದವು.

"ಸಿಪಾಯಿಗಳನ್ನು ನೋಡಿದ್ರಾ?" ಎಂದು ಅಮ್ಮ ಕೇಳಿಸಿದಳು. ನೋಡಿದ್ದೆ, ರಸ್ತೆ ಕೆಲಸ ಮಾಡುವ ಕರಿ ಸಿಪಾಯಿಗಳು ಮೊದಲೇ ಬಂದಿದ್ದರು, ಮುಖವೆಲ್ಲ ಹಳದಿಯಾಗಿತ್ತು, ನಮಗೆ ಅವರನ್ನು ಕಂಡರೆ ಭಯ ಎಂದಳು ಅಜ್ಜಿ.

ಅಮ್ಮ ನನ್ನ ಮೊಣಕೈ ಹಿಡಿದುಕೊಂಡಳು. ಮಲೇರಿಯಾ ಬರದಂತೆ ಸಿಪಾಯಿಗಳಿಗೆ ದಿನವೂ ಮೆಪಾಕ್ರಿನ್ ಗುಳಿಗೆ ನುಂಗಿಸುತ್ತಿದ್ದರು, ಅದರಿಂದ ಚರ್ಮ ಹಳದಿಗೆ ತಿರುಗುತ್ತಿತ್ತು. ಮದುವೆ ಗೊತ್ತಾದಾಗ ಹುಡುಗ ಅರಿಸಿನ ಹಚ್ಚಿಕೊಂಡೇ ಬಂದಿದ್ದಾನೆ ಎಂದು ಊರವರು ಆಡಿಕೊಂಡಿದ್ದನ್ನು ತಾತ ಹೇಳುತ್ತಿದ್ದ. ಅಮ್ಮ ಅದನ್ನು ಹೇಳಿದಳು, ನಾನು ಹಿಂದಿಯಲ್ಲಿ ದಾಟಿಸಿದೆ, ಸೊಸೆ ಮಣಿಪುರಿಯಲ್ಲಿ. ಅಜ್ಜಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಎದ್ದು ಹೋಗಿ ಒಳಗಿನಿಂದ ಹಿತ್ತಾಳೆಯ ಗುಂಡಿನ ಚಿಪ್ಪೊಂದನ್ನು ತಂದಳು. ಅದರಲ್ಲಿ ಅಗರಬತ್ತಿ ಸಿಕ್ಕಿಸುತ್ತಾರೆ.

ತಾತ ನಮಗೆ ಯುದ್ಧವನ್ನು ಹೇಳದೆ ಬಿಟ್ಟ ಎಂದು ನಾನು ಇಷ್ಟು ವರ್ಷ ಅಂದುಕೊಂಡಿದ್ದೆ. ಆ ಜಗಲಿಯಲ್ಲಿ ಕೂತಾಗ, ಅವನು ಹೇಳಿದ್ದೇ ಯುದ್ಧ ಅನ್ನಿಸಿತು. ಕಣಿವೆಯ ಜನಕ್ಕೂ ಹೊರಗಿನಿಂದ ಬಂದ ಸಿಪಾಯಿಗೂ ಸಮನಾಗಿ ಗೊತ್ತಿದ್ದ ಯುದ್ಧ ಅದು: ಉಪ್ಪು, ಅಕ್ಕಿ, ಗುಳಿಗೆ, ಮಳೆ. ದಂಡನಾಯಕರ ನಕಾಶೆಗಳಲ್ಲಿ ಇದ್ಯಾವುದೂ ಇಲ್ಲ. ಕೇಳಿ ಬರೆದಿಡದಿದ್ದರೆ ಉಳಿಯುವುದೂ ಇಲ್ಲ.

ಮೊಯಿರಾಂಗ್ ತಲುಪಿದಾಗ ಮಧ್ಯಾಹ್ನ ದಾಟಿತ್ತು. 1944ರ ಏಪ್ರಿಲ್ 14ರಂದು, ಜಪಾನಿಯರ ಜೊತೆಗಿದ್ದ ಆಜಾದ್ ಹಿಂದ್ ಫೌಜಿನ ಕರ್ನಲ್ ಶೌಕತ್ ಮಲಿಕ್ ಇಲ್ಲಿ ಬಾವುಟ ಹಾರಿಸಿದರು. ಸ್ಮಾರಕದ ಆವರಣದಲ್ಲಿ ನೇತಾಜಿಯ ಪ್ರತಿಮೆ, ಒಳಗೆ ಪತ್ರಗಳು, ಫೋಟೋಗಳು. ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ನಮ್ಮ ಹಳ್ಳಿಮನೆಯ ಗೋಡೆಯಲ್ಲಿ ನೇತಾಜಿಯ ಫೋಟೋ ಇತ್ತು, ಕಟ್ಟು ಹಾಕಿಸಿದವನು ತಾತನೇ. ಅದೇ ತಾತನ ಟ್ರಂಕಿನಲ್ಲಿ ಬ್ರಿಟಿಷರು ಕೊಟ್ಟ ಬರ್ಮಾ ಸ್ಟಾರ್ ಪದಕ. ಈ ರಸ್ತೆಯ ಒಂದು ಕಡೆ ಅವನಿದ್ದ, ಇನ್ನೊಂದು ಕಡೆ ಅವನಂತೆಯೇ ಹಳ್ಳಿಯಿಂದ ಬಂದ, ಅವನ ಭಾಷೆಯನ್ನೇ ಆಡುವವರೂ ಇದ್ದಿರಬಹುದು. ಆ ಬಗ್ಗೆ ಅವನು ಒಂದು ಮಾತೂ ಆಡಿದ್ದಿಲ್ಲ. "ಫೋಟೋಗೆ ಮಾತ್ರ ಯಾವತ್ತೂ ಹೂವು ತಪ್ಪಿಸ್ತಿರಲಿಲ್ಲ" ಎಂದಳು ಅಮ್ಮ, ವಾಪಸು ಬರುವಾಗ ಕತ್ತಲಲ್ಲಿ.

ನಾಲ್ಕನೆಯ ದಿನ: ಕೊಹಿಮಾ ದಾರಿ

ನಕಾಶೆಯಲ್ಲಿ ನೂರಮೂವತ್ತು ಚಿಲ್ಲರೆ ಕಿಲೋಮೀಟರು, ನಿಜದಲ್ಲಿ ಇಡೀ ದಿನ. ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ಧೂಳಿಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಕೂತೆವು, ಅಮ್ಮನ ಬಾಯಲ್ಲಿ ಸದಾ ಒಂದು ನಿಂಬೆಹುಳಿ ಪೆಪ್ಪರ್ಮೆಂಟು. ವಾಂತಿಯ ಭಯವಿದ್ದವರು ಮುಂದಿನ ಸೀಟು ಕೇಳಿ ಪಡೆದುಕೊಳ್ಳುವುದೇ ಸರಿ.

ಕಾಂಗ್ಲಾತೊಂಗ್‌ಬಿಯಲ್ಲಿ ಸಣ್ಣ ಸ್ಮಾರಕವಿದೆ. 1944ರ ಏಪ್ರಿಲ್ 6 ಮತ್ತು 7ರ ನಡುವಿನ ರಾತ್ರಿ ಜಪಾನಿಯರ ದಾಳಿಯನ್ನು ಇಲ್ಲಿ ತಡೆದವರು 221ನೇ ಮುಂಚೂಣಿ ಆರ್ಡ್‌ನೆನ್ಸ್ ಡಿಪೋದ ಉಗ್ರಾಣದವರು. ಸಾಮಾನಿನ ಲೆಕ್ಕ ಬರೆಯುವ ಕೆಲಸದವರು, ಕಾಲಾಳುಪಡೆಯವರಲ್ಲ. ರಸ್ತೆ ಕೂಲಿ, ಲೆಕ್ಕದ ಗುಮಾಸ್ತ, ಹೇಸರಗತ್ತೆ ಹೊಡೆಯುವವನು, ಇವರ ಯುದ್ಧಕ್ಕೂ ಒಂದು ಕಲ್ಲಿದೆಯಲ್ಲ ಎಂದು ಅಮ್ಮನಿಗೆ ಸಮಾಧಾನ. ಅಲ್ಲಿಂದ ಮುಂದೆ ದಿಮಾಪುರದಿಂದ 109ನೇ ಮೈಲಿಯ ಹತ್ತಿರ ಜೂನ್ 22ರಂದು ಎರಡೂ ಕಡೆಯಿಂದ ಬಂದ ಪಡೆಗಳು ಕೂಡಿಕೊಂಡು ರಸ್ತೆ ತೆರೆಯಿತು.

ಸೇನಾಪತಿ ದಾಟಿದ ಮೇಲೆ ಚಳಿ ಏರಿತು. ಮಾವೋದ ಹತ್ತಿರ ತಪಾಸಣೆಗೆ ಸಾಲು ನಿಂತಿತ್ತು. "ನೀರು ಕೊಡು" ಎಂದು ಅಮ್ಮ ನನಗೆ ಹೇಳಿದ್ದು ಕಿಟಕಿಯಾಚೆ ನಿಂತಿದ್ದ ಜವಾನನಿಗೆ ಕೇಳಿಸಿತು. "ಕನ್ನಡದವ್ರೇನ್ರೀ?" ಎಂದ. ಬಾಗಲಕೋಟೆ ಕಡೆಯವನು. ಎರಡು ವರ್ಷದಿಂದ ಈ ಕಡೆಯೇ. ಅಮ್ಮ ಡಬ್ಬಿ ತೆಗೆದು ಕೋಡುಬಳೆ ಕೊಟ್ಟಳು. ಊರಿಗೆ ಫೋನು ಮಾಡ್ತೀಯಾ ಎಂದು ವಿಚಾರಿಸಿದಳು. "ದಿನಾ ಮಾಡ್ತೀನ್ರಿ. ಏನ್ ಉಂಡಿ ಅಂತ ಅವ್ವ ಕೇಳ್ತಾಳ, ಹೇಳ್ತೀನಿ. ಬ್ಯಾರೇದು ಏನ್ ಹೇಳೋದ್ರೀ ಆಕಿಗೆ" ಎಂದ. ಸಾಲು ಮುಂದೆ ಸರಿಯಿತು.

ಐದನೆಯ ದಿನ: ಕೊಹಿಮಾ

ನಾವಿಳಿದ ಮನೆಯ ಯಜಮಾನಿ ಅಂಗಾಮಿ ನಾಗಾ. ಬೆಳಗ್ಗೆ ಒಲೆಯ ಮುಂದೆ ಕೂರಿಸಿ ಗಾಲ್ಹೋ ಬಡಿಸಿದಳು. ಅಕ್ಕಿಯನ್ನು ಸೊಪ್ಪಿನೊಂದಿಗೆ ಮೆತ್ತಗೆ ಬೇಯಿಸಿದ ಗಂಜಿ, ಪಕ್ಕದಲ್ಲಿ ರಾಜಾ ಮೆಣಸಿನಕಾಯಿಯ ಚಟ್ನಿ. ಚಟ್ನಿಯನ್ನು ಕಡ್ಡಿಯ ತುದಿಯಷ್ಟೇ ಮುಟ್ಟಿಸಿಕೊಳ್ಳಿ ಎಂದು ಎಚ್ಚರಿಸಿದ್ದನ್ನು ಕೇಳಿದ್ದರಿಂದ ಬದುಕಿದೆವು. ಅಂದು ಭಾನುವಾರ, ಕೊಹಿಮಾದಲ್ಲಿ ಅಂಗಡಿ ಹೋಟೆಲುಗಳು ಬಹುತೇಕ ಮುಚ್ಚಿರುತ್ತವೆ, ಮಧ್ಯಾಹ್ನಕ್ಕೂ ಇಲ್ಲೇ ಉಣ್ಣಿ ಎಂದಳು.

ಅವಳ ಅಜ್ಜಿ ಹೇಳಿದ ಕಥೆಯನ್ನು ಅವಳು ಹೇಳಿದಳು. ಜಪಾನಿಯರು ಮೊದಲು ಬಂದಾಗ ಅಕ್ಕಿಗೆ ಕಾಗದದ ದುಡ್ಡು ಕೊಟ್ಟರು. ಆಮೇಲೆ ಸುಮ್ಮನೆ ತೆಗೆದುಕೊಂಡರು. ಹಂದಿ, ದನ, ಕೊನೆಗೆ ಬಿತ್ತನೆಯ ಭತ್ತ. ಊರು ಕಾಡು ಸೇರಿತು. ಅವಳ ತಾತ ಗಾಯಾಳುಗಳನ್ನು ಬಿದಿರ ಡೋಲಿಯಲ್ಲಿ ಹೊತ್ತು ಬೆಟ್ಟ ಇಳಿಸಿದನಂತೆ. ಆದರೆ ಅಜ್ಜಿ ಕೊನೆಯವರೆಗೂ ಮರೆಯದಿದ್ದದ್ದು, ಮಳೆಗಾಲದಲ್ಲಿ ವಾಪಸು ಹೋಗುತ್ತಿದ್ದ ಜಪಾನಿ ಹುಡುಗನೊಬ್ಬ ಹುಲ್ಲು ತಿನ್ನುತ್ತಿದ್ದುದನ್ನು. ಜನರಲ್ ಸಾಟೋನ 31ನೇ ಡಿವಿಷನ್ ಮೂರು ವಾರದ ಬುತ್ತಿ ಕಟ್ಟಿಕೊಂಡು ಬಂದಿತ್ತು. ಎರಡು ತಿಂಗಳಾದರೂ ಹಿಂದಿನಿಂದ ಅಕ್ಕಿ ಬರಲಿಲ್ಲ. ಮೇಲಿನವರ ಅಪ್ಪಣೆ ಮೀರಿ ಸಾಟೋ ಪಡೆಯನ್ನು ಹಿಂದಕ್ಕೆ ಕರೆದೊಯ್ದ, ಅದಕ್ಕಾಗಿ ಪದವಿ ಕಳೆದುಕೊಂಡ. ಆ ದಾರಿಯುದ್ದಕ್ಕೂ ಹಸಿವು, ಜ್ವರಕ್ಕೆ ಸತ್ತವರು ಅಸಂಖ್ಯ.

ಸ್ಮಶಾನ ಊರ ನಡುವಿನ ಗ್ಯಾರಿಸನ್ ಹಿಲ್‌ನ ಇಳಿಜಾರಿನಲ್ಲಿದೆ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಏಪ್ರಿಲ್ 4ರಿಂದ ಎರಡು ವಾರ ಒಂದು ಸಣ್ಣ ತುಕಡಿ ಇಡೀ ಡಿವಿಷನ್ನನ್ನು ಇಲ್ಲಿ ತಡೆದು ನಿಂತಿತು. ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನಿಸ್ ಅಂಗಳದ ಒಂದು ಬದಿಗೆ ಇವರು, ಇನ್ನೊಂದು ಬದಿಗೆ ಅವರು. ಅಂಗಳದ ಗೆರೆಗಳನ್ನು ಈಗ ಕಾಂಕ್ರೀಟಿನಲ್ಲಿ ಉಳಿಸಿದ್ದಾರೆ. ಅಮ್ಮ ಒಂದು ಗೆರೆಯಿಂದ ಇನ್ನೊಂದಕ್ಕೆ ನಡೆದು ನೋಡಿದಳು. "ನಮ್ಮೂರ ಕಣಕ್ಕಿಂತ ಚಿಕ್ಕದು" ಎಂದಳು.

ಕೆಳಗೆ ಎರಡನೇ ಬ್ರಿಟಿಷ್ ಡಿವಿಷನ್ನಿನ ಸ್ಮಾರಕ. ಮನೆಗೆ ಹೋದಾಗ ನಮ್ಮ ವಿಷಯ ಹೇಳಿ ಎಂದು ಸತ್ತವರು ಕೇಳಿಕೊಳ್ಳುವ ಪ್ರಸಿದ್ಧ ಸಾಲುಗಳು ಅದರ ಮೇಲಿವೆ. ಅರ್ಥ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿದಳು. "ಅಪ್ಪ ಹೇಳಿದ. ಹೇಳೋಕಾಗಿದ್ದಷ್ಟು ಹೇಳಿದ" ಎಂದಳು.

1,420 ಸಮಾಧಿಗಳನ್ನು ದಾಟಿ ತುತ್ತತುದಿಗೆ ಹೋದರೆ 917 ಹಿಂದೂ, ಸಿಖ್ ಸೈನಿಕರ ದಹನ ಸ್ಮಾರಕ. ಮೆಟ್ಟಿಲು ಹತ್ತುವಾಗ ಅಮ್ಮನ ಚಪ್ಪಲಿ ಕಿತ್ತುಹೋಯಿತು, ಬರಿಗಾಲಲ್ಲೇ ಹತ್ತಿದಳು. ಬಹಳ ಪ್ರವಾಸಿಗರು ಟೆನಿಸ್ ಅಂಗಳದಿಂದಲೇ ಹಿಂತಿರುಗುತ್ತಾರೆ. ದಯವಿಟ್ಟು ಮೇಲಿನವರೆಗೆ ಹೋಗಿ. ನಮ್ಮವರ ಹೆಸರುಗಳಿರುವುದು ಅಲ್ಲಿ.

ಕೊನೆಯ ದಿನ ಮತ್ತು ಆಮೇಲೆ

ದಿಮಾಪುರಕ್ಕೆ ಇಳಿದೆವು. ಯುದ್ಧದ ಕಾಲದಲ್ಲಿ ಈ ನಿಲ್ದಾಣದ ಹೆಸರು ಮಣಿಪುರ್ ರೋಡ್, ತಾತ ರೈಲಿಳಿದದ್ದೂ ಇಲ್ಲೇ. ಸೆಕೆ, ಜನಜಂಗುಳಿ, ತಡವಾದ ರೈಲು, ಒಳ್ಳೆಯ ಚಹಾ.

ಮರುವರ್ಷ, 2023ರ ಮೇ 3ರಿಂದ, ಮೈತೇಯಿ ಮತ್ತು ಕುಕಿ ಸಮುದಾಯಗಳ ನಡುವಿನ ಹಿಂಸೆಗೆ ಆ ಕಣಿವೆ ಹೊತ್ತಿ ಉರಿಯಿತು. ಟಿವಿಯಲ್ಲಿ ಬಿಷ್ಣುಪುರ, ಚುರಾಚಾಂದ್‌ಪುರದ ಹೆಸರು ಬಂದಾಗಲೆಲ್ಲ ಅಮ್ಮ ಎದ್ದು ಕೂರುತ್ತಿದ್ದಳು. ಜಗಲಿಯ ಅಜ್ಜಿಯ ಮನೆಯ ಫೋನ್ ನಂಬರು ನಾವು ತೆಗೆದುಕೊಂಡಿರಲಿಲ್ಲ. ಡ್ರೈವರ್ ಹುಡುಗ ಸಿಕ್ಕಿದ. ಅವನು ಕ್ಷೇಮ, ಆದರೆ ನಮ್ಮನ್ನು ಕರೆದೊಯ್ದ ಕೊಹಿಮಾ ರಸ್ತೆಯಲ್ಲಿ ಕುಕಿಗಳು ಹೆಚ್ಚಿರುವ ಕಾಂಗ್‌ಪೋಕ್ಪಿ ದಾಟಿ ಹೋಗುವುದು ಮೈತೇಯಿಯಾದ ಅವನಿಗೆ ಇನ್ನು ಸಾಧ್ಯವಿಲ್ಲ ಎಂದ. ಜಗಲಿಯ ಅಜ್ಜಿ ಹೇಗಿದ್ದಾಳೆ ಎಂದು ವಿಚಾರಿಸಲು ಅವನಿಗೆ ಹೇಳಿದ್ದೇವೆ. ಈಗ ಹೋಗಬಯಸುವವರು ಅಲ್ಲಿನ ಪರಿಸ್ಥಿತಿಯನ್ನು ಸರಿಯಾಗಿ ತಿಳಿದುಕೊಂಡೇ ಹೊರಡಬೇಕು.

ಉಪ್ಪಿನ ಬಿಲ್ಲೆಗಳು ಒಡಹುಟ್ಟಿದವರ ಮನೆಗಳಿಗೆ ಹೋದವು. ಕೋಲಾರದ ಚಿಕ್ಕಮ್ಮನಿಗೆ ಕೊಡಲು ಹೋದಾಗ ಅಮ್ಮ ನೋಟ್‌ಬುಕ್ ತೆಗೆದು ಎರಡು ಹೆಸರುಗಳ ಸಂಗತಿ ಹೇಳಿದಳು. ತಾತನ ಕೊನೆಯ ವರ್ಷ ಅವನನ್ನು ನೋಡಿಕೊಂಡವಳು ಚಿಕ್ಕಮ್ಮ. "ಹೊಸೂರು ಕಡೆಯವನು ಕಣೆ ಅವನು. ಇಬ್ಬರೂ ಒಂದೇ ದಿನ ಭರ್ತಿಯಾದ್ರಂತೆ. ನಿಂಗೆ ಹೇಳಿರಲಿಲ್ವಾ?" ಎಂದಳು. ಅಮ್ಮನಿಗೆ ಹೇಳಿರಲಿಲ್ಲ. ಚಿಕ್ಕಮ್ಮನನ್ನು ಯಾರೂ ಕೇಳಿರಲಿಲ್ಲ. ಹೊಸೂರು ಆಗ ಸೇಲಂ ಜಿಲ್ಲೆಗೆ ಸೇರಿತ್ತು. ನಮ್ಮ ಮಾಲೂರಿನಿಂದ ಅಲ್ಲಿಗೆ ಏನು ಮಹಾ ದೂರ!

ಅಂದಿನಿಂದ ಇಬ್ಬರೂ ಕೂತು ತಾತನ ಕಥೆಗಳನ್ನು ಹೇಳುತ್ತಿದ್ದಾರೆ, ನಾನು ಫೋನಿನಲ್ಲಿ ದಾಖಲಿಸಿ ಬರೆದಿಡುತ್ತಿದ್ದೇನೆ. ಎಷ್ಟೋ ಕಡೆ ಇಬ್ಬರ ಮಾತು ಹೊಂದುವುದಿಲ್ಲ. ಉಪ್ಪು ಕೊಟ್ಟವಳು ಮುದುಕಿ ಎಂದು ಅಮ್ಮ, ಎಳೆಯ ಹುಡುಗಿ ಎಂದು ಚಿಕ್ಕಮ್ಮ. ಎರಡನ್ನೂ ಬರೆದುಕೊಂಡಿದ್ದೇನೆ. ದಾಖಲೆಯಲ್ಲಿ ಇಂಗ್ಲಿಷಿನಲ್ಲಿ ಬರೆದ ಆ ಸೇಲಂ ಜಿಲ್ಲೆಯ ಊರಿನ ಹೆಸರನ್ನು ಎರಡು ರೀತಿ ಓದಬಹುದು, ಹೊಸೂರಿನ ಸುತ್ತ ಎರಡೂ ಹೆಸರಿನ ಹಳ್ಳಿಗಳಿವೆ. ಮೊದಲು ಯಾವುದಕ್ಕೆ ಹೋಗುವುದು ಎಂದು ಅಕ್ಕತಂಗಿಯರಲ್ಲಿ ಇನ್ನೂ ಒಮ್ಮತ ಮೂಡಿಲ್ಲ. ಸುಗ್ಗಿ ಮುಗಿಯುವಷ್ಟರಲ್ಲಿ ಎರಡಕ್ಕೂ ಹೋಗಿಬರಬೇಕು ಎಂಬುದು ಮಾತ್ರ ಗಟ್ಟಿಯಾಗಿದೆ.